ಗೋಲ್ಡ್ ವಿಂಗ್‌ನ ಹಿಂಚಕ್ರಕ್ಕೆ ಕಾರಿನ ಟಯರ್: ಕಾಸರಗೋಡಿನಿಂದ ಮಡಿಕೇರಿಯವರೆಗೆ

ನನ್ನ ಭಾವನವರ ಹೋಂಡಾ ಗೋಲ್ಡ್ ವಿಂಗ್ ಆರು ಸಿಲಿಂಡರಿನ, 1832 ಸಿಸಿಯ, 400 ಕಿಲೋ ಮೀರಿದ ತೂಕದ ಪ್ರವಾಸಿ ಬೈಕು. ಅದರ ಹಿಂಚಕ್ರಕ್ಕೆ ಕಂಪನಿ ಗೊತ್ತುಪಡಿಸಿರುವುದು 180/60 ಆರ್ 16 ಅಳತೆಯ ಬೈಕ್ ಟಯರ್. ಅದು ಬೇಗ ಸವೆಯುತ್ತದೆ, ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದೂ ಇಲ್ಲ ಎಂಬ ಕಾರಣಕ್ಕೆ ಭಾವನವರು 195/55 ಆರ್ 16 ಅಳತೆಯ ರನ್-ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಕಾರ್ ಟಯರನ್ನು, ಅಂದರೆ ಮಿನಿ ಕೂಪರ್‌ನಂತಹ ಕಾರಿಗೆ ಬರುವ ಟಯರನ್ನು, ಹಾಕಿಸಿಕೊಂಡಿದ್ದಾರೆ. ಅಮೆರಿಕದ ದೂರಪ್ರಯಾಣದ ಸವಾರರಲ್ಲಿ ಈ ಪದ್ಧತಿ ಬಹುಕಾಲದಿಂದ ಇದೆ. ಅವರು ಇದನ್ನು ‘ಡಾರ್ಕ್ ಸೈಡ್’ ಎನ್ನುತ್ತಾರೆ.

ಇದರ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಬೈಕ್ ಟಯರಿನ ಭಾರಸೂಚಿ 74, ಅಂದರೆ ಅದು ಹೊರಬಲ್ಲ ಗರಿಷ್ಠ ಭಾರ 375 ಕಿಲೋ; ಈ ಕಾರ್ ಟಯರಿನದು 87, ಅಂದರೆ 545 ಕಿಲೋ. ಗಾಳಿ ಪೂರ್ತಿ ಹೋದರೂ ಗಡುಸಾದ ಪಕ್ಕೆಗಳು ಕಾರಿನ ಭಾರವನ್ನು ಸುಮಾರು 80 ಕಿಲೋಮೀಟರ್ ದೂರ ಹೊರುತ್ತವೆ. ಆದರೆ ಆ ಲೆಕ್ಕ ನಾಲ್ಕು ಚಕ್ರದ ವಾಹನದ್ದೆಂಬುದನ್ನು ಮರೆಯಬಾರದು.

ಭಾವನವರ ಒಪ್ಪಿಗೆ ಪಡೆದು ನಾನು ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹೋಗಿಬಂದೆ. ನೇರ ರಸ್ತೆಯಲ್ಲಿ ಬೈಕು ಬಂಡೆಯಂತೆ ಸ್ಥಿರವಾಗಿತ್ತು. ಹಿಂದಿನ ಬ್ರೇಕು ಒತ್ತಿದಾಗ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯಿತು. ಸಂಪಾಜೆ ಘಾಟಿಯಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಯಿತು. ಬೈಕ್ ಟಯರಿನ ಮೈ ದುಂಡಗಿರುವುದರಿಂದ ಗಾಡಿ ವಾಲಿದಷ್ಟೂ ನೆಲಕ್ಕೆ ತಾಗುವ ಭಾಗ ಸಲೀಸಾಗಿ ಪಕ್ಕಕ್ಕೆ ಸರಿಯುತ್ತದೆ. ಕಾರು ವಾಲದೆ ತಿರುಗುವ ವಾಹನವಾದ್ದರಿಂದ ಅದರ ಟಯರ್ ಚಪ್ಪಟೆ. ವಾಲಿಸಿದಾಗ ಭಾರವೆಲ್ಲ ಅದರ ಒಂದು ಅಂಚಿಗೆ ಬಂದು, ಗಾಡಿ ಮತ್ತೆ ನೆಟ್ಟಗಾಗಲು ಹವಣಿಸುತ್ತದೆ. ತಿರುವು ಮುಗಿಯುವ ತನಕ ಹ್ಯಾಂಡಲನ್ನು ಒತ್ತಿ ಹಿಡಿದೇ ಇರಬೇಕಾದ್ದರಿಂದ ಮಡಿಕೇರಿ ತಲುಪುವಾಗ ನನ್ನ ತೋಳುಗಳು ಸೋತಿದ್ದವು. ಡಾಮರು ಅರ್ಧ ಹಾಕಿ ಬಿಟ್ಟಲ್ಲಿ, ಎತ್ತರ ತಗ್ಗಿನ ಅಂಚಿಗೆ ಚಕ್ರ ತಾಗಿದೊಡನೆ ಗಾಡಿ ತಾನಾಗಿ ಆ ಕಡೆಗೆ ಎಳೆಯಿತು.

ಮರಳುವಾಗ ಮಳೆ ಹಿಡಿಯಿತು. ದುಂಡಗಿನ ಟಯರ್ ನೀರನ್ನು ಸೀಳಿಕೊಂಡು ಹೋಗುತ್ತದೆ. ಅಗಲವಾದ ಚಪ್ಪಟೆ ಟಯರಿಗೆ ತನ್ನ ಗೆರೆಗಳ ಮೂಲಕ ನೀರನ್ನು ಹೊರದೂಡಬೇಕು. ಕಾರಿನ ಭಾರ ಅದನ್ನು ಅದುಮುವಂತೆ ಬೈಕಿನ ಭಾರ ಅದುಮುವುದಿಲ್ಲ. ನಾನು ವೇಗವನ್ನು 40ಕ್ಕಿಂತ ಮೇಲೆ ಹೋಗಗೊಡಲಿಲ್ಲ.

ರಿಮ್ಮಿನ ಸಂಗತಿ ಇದಕ್ಕಿಂತ ಗಂಭೀರ. ಟಯರ್ ರಿಮ್ಮಿಗೆ ಕಚ್ಚಿಕೊಳ್ಳುವ ಅಂಚಿನ ಆಕಾರ ಕಾರಿನಲ್ಲಿ ಬೇರೆ, ಬೈಕಿನಲ್ಲಿ ಬೇರೆ; ಟಯರ್ ಕಂಪನಿಗಳು ಈ ಜೋಡಣೆಯನ್ನು ಒಪ್ಪದಿರುವುದಕ್ಕೆ ಅದು ಮುಖ್ಯ ಕಾರಣ. ಭಾವನವರು ವಿಚಾರಿಸಿದ ಎರಡು ಅಂಗಡಿಗಳು ಇದನ್ನು ಕೂರಿಸಿಕೊಡಲು ನಿರಾಕರಿಸಿದ್ದವು, ಅವರು ಮಾಡಿದ್ದು ಸರಿ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದಕ್ಕೂ ಇಲ್ಲಿ ಎಡೆಯಿದೆ.

ಸಾವಿರಾರು ಕಿಲೋಮೀಟರ್ ನೇರ ಹೆದ್ದಾರಿ ಇರುವ ನಾಡಿನಲ್ಲಿ ಹುಟ್ಟಿದ ಉಪಾಯ ಇದು. ಜೂನಿನಿಂದ ಮಳೆ ಸುರಿಯುವ, ಪೇಟೆ ದಾಟಿದೊಡನೆ ತಿರುವುಗಳೇ ತುಂಬಿರುವ ನಮ್ಮ ಊರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಸವೆಯುವ ತನಕ ಕಾಯದೆ, ಮಳೆಗಾಲಕ್ಕೆ ಮೊದಲೇ ಬೈಕ್ ಟಯರನ್ನು ತರಿಸಿ ಹಾಕಿಸಿಕೊಳ್ಳಿರೆಂದು ಭಾವನವರಿಗೆ ಹೇಳಿದ್ದೇನೆ. ಅವರ ಹಿಂದೆ ಕೂರುವವಳು ನನ್ನ ಅಕ್ಕ.