ಸಿಪ್ಪೆ ಇರುವ ವೈನ್ ಕಿಟ್ ತಗೊಳ್ಳಿ

ಮಿಸಿಸಾಗಾದ ನಮ್ಮ ಬೇಸ್‌ಮೆಂಟ್‌ನಲ್ಲಿ ಹೋದ ಚಳಿಗಾಲ ಕ್ಯಾಬರ್ನೆ ಸೊವಿನ್ಯೋಂ ಎಂಬ ಕೆಂಪು ವೈನಿನ ಕಿಟ್ ಇಟ್ಟೆ, ಅಂದರೆ ದ್ರಾಕ್ಷಿ ರಸ, ಯೀಸ್ಟ್ ಎಲ್ಲ ತುಂಬಿದ, ಮನೆಯಲ್ಲೇ ವೈನ್ ಮಾಡುವ ಪೆಟ್ಟಿಗೆ. ಕೆನಡಾದಲ್ಲಿ ಮನೆಬಳಕೆಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಒಂದು ಕಿಟ್‌ಗೆ 23 ಲೀಟರ್, ಅಂದರೆ ಸುಮಾರು 30 ಬಾಟಲಿ. ಅದಕ್ಕೂ ಮುಂಚೆ ಅಗ್ಗದ್ದೊಂದು ತಂದಿದ್ದೆ, ಬಣ್ಣವೇನೋ ಕೆಂಪಗಿತ್ತು, ಕುಡಿದರೆ ನೀರು ಜಾಸ್ತಿಯಾದ ಪುನರ್ಪುಳಿ ಶರಬತ್ತು!

ಈ ಸಲದ್ದರಲ್ಲಿ ರಸದ ಜೊತೆ ದ್ರಾಕ್ಷಿ ಸಿಪ್ಪೆಯ ಪೊಟ್ಟಣ, ಓಕ್ ಮರದ ಚೂರು ಎರಡೂ ಇದ್ದವು. ವ್ಯತ್ಯಾಸ ಇರುವುದೇ ಅಲ್ಲಿ. ಹಸಿ ಅಡಿಕೆ ಜಗಿದಂತೆ ನಾಲಿಗೆ ಹಿಡಿಯುತ್ತಲ್ವಾ, ಆ ಒಗರು ಬರುವುದು ಸಿಪ್ಪೆಯ ಟ್ಯಾನಿನ್‌ನಿಂದ. ಹುಳಿ ಬರುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ, ದಿನಾ ಸೌಟಿನಲ್ಲಿ ಒತ್ತಿ ಮುಳುಗಿಸಬೇಕು. ನಾನು ಎರಡು ದಿನ ಮರೆತೆ, ಬಕೆಟ್ ಉಕ್ಕಿ ಕಾರ್ಪೆಟ್ ನೇರಳೆಯಾಯ್ತು, ಹೆಂಡತಿ ಅಂದಿದ್ದನ್ನು ಇಲ್ಲಿ ಬರೆಯಲ್ಲ.

ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 0.996ಕ್ಕೆ ಇಳಿದ ಮೇಲೆ, ಅಂದರೆ ರಸದ ಸಕ್ಕರೆ ಮುಗಿದ ಮೇಲೆ, ಒಳಗೆ ಉಳಿದ ಗ್ಯಾಸ್ ಹೋಗುವವರೆಗೆ ಕಲಕಬೇಕು. ಕೈ ನೋವು ಬರುತ್ತದೆ, ಆದರೆ ಸುಮ್ನೆ ಬಿಟ್ಟರೆ ಸೋಡಾ ಥರ ಚುಚ್ಚುತ್ತದೆ.

ಪೆಟ್ಟಿಗೆ ಮೇಲೆ 8 ವಾರ ಅಂತ ಇದೆ, ನಂಬಬೇಡಿ. ಆಗ ಬರೀ ಮರದ ಹೊಟ್ಟಿನ ರುಚಿ. ಆರು ತಿಂಗಳು ಬಿಟ್ಟು ತೆಗೆದ ಬಾಟಲಿ ಮಟನ್ ಸಾರಿನ ಖಾರಕ್ಕೂ ಜಗ್ಗಲಿಲ್ಲ.