ಮಾವನ ಹೋಟೆಲಿನ ಹಾಜರಿ ಕಾರ್ಡು ಮತ್ತು 240 ರೂಪಾಯಿಯ ರೀಡರು

ಮುಂಬಯಿಯ ಮಾಟುಂಗಾದಲ್ಲಿ ನನ್ನ ಮಾವನ ಹೋಟೆಲಿದೆ. ಕೆಲಸಕ್ಕೆ ಇಪ್ಪತ್ತೆರಡು ಜನ. ಬೆಳಗ್ಗೆ ಐದಕ್ಕೆ ಬಂದು ಇಡ್ಲಿ ಪಾತ್ರೆ ಇಡುವ ಭಟ್ಟರಿಂದ ಹಿಡಿದು ರಾತ್ರಿ ಶಟರ್ ಎಳೆಯುವ ಹುಡುಗನವರೆಗೆ ಎಲ್ಲರ ಹಾಜರಿಯೂ ಒಂದೇ ರಟ್ಟಿನ ಪುಸ್ತಕದಲ್ಲಿತ್ತು. ತಿಂಗಳ ಕೊನೆಗೆ ಓವರ್‌ಟೈಮ್ ಲೆಕ್ಕ ಹಾಕುವಾಗ ಮಾತಿಗೆ ಮಾತು ಬೆಳೆಯುತ್ತಿತ್ತು. ಬೆರಳಚ್ಚಿನ ಯಂತ್ರ ಹಾಕಿ ನೋಡಿದರು. ದಿನವಿಡೀ ಹಿಟ್ಟು, ನೀರು, ಎಣ್ಣೆಯಲ್ಲಿರುವ ಕೈಗಳನ್ನು ಅದು ಗುರುತಿಸಲಿಲ್ಲ. "ಕಾರ್ಡಿಂದು ಎಂತಾದ್ರೂ ಮಾಡಿಕೊಡು ಮಾರಾಯ" ಅಂದರು ಮಾವ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಹತ್ತಿರ ಹಿಡಿದ ಕಾರ್ಡಿನ ನಂಬರನ್ನು ತಂತಿಯಿಲ್ಲದೆ ಓದುವ 125 ಕಿಲೋಹರ್ಟ್ಜ್‌ನ ರೀಡರ್ ಮಾಡ್ಯೂಲ್ ಒಂದನ್ನೂ ಇಪ್ಪತ್ತೈದು ಕಾರ್ಡುಗಳನ್ನೂ ತಂದೆ. ರೀಡರಿಗೆ 240 ರೂಪಾಯಿ. ಆರು ತಿಂಗಳು ಬಳಸಿ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಗಡಿಯ ವಿಷಯ. ಇಪ್ಪತ್ತೈದರಲ್ಲಿ ನಾಲ್ಕು ಕಾರ್ಡುಗಳು ಓದಲೇ ಇಲ್ಲ. ಹಾಳಾಗಿವೆ ಅಂದುಕೊಂಡೆ. ಮೊಬೈಲ್ ಟಾರ್ಚ್ ಹಿಂದೆ ಹಿಡಿದು ನೋಡಿದಾಗ ಗೊತ್ತಾಯಿತು: ಸರಿಯಿದ್ದ ಕಾರ್ಡುಗಳ ಒಳಗೆ ಕೂದಲೆಳೆಯಂಥ ತಂತಿ ನೂರಾರು ಸುತ್ತು ಸುತ್ತಿ ಬಳೆಯ ಹಾಗೆ ಕಪ್ಪಗೆ ಕಾಣುತ್ತದೆ, ಈ ನಾಲ್ಕರಲ್ಲಿ ಅಂಚಿನುದ್ದಕ್ಕೆ ನಾಲ್ಕೈದೇ ಸುತ್ತು. ಅವು ಬೇರೆಯೇ ಆವರ್ತನದವು, 13.56 ಮೆಗಾಹರ್ಟ್ಜ್‌ನವು, ಈ ರೀಡರಿಗೆ ಸಂಬಂಧವೇ ಇಲ್ಲದವು. ಹೊರಗಿನಿಂದ ಎರಡೂ ಒಂದೇ ಬಿಳಿ ಪ್ಲಾಸ್ಟಿಕ್. ಕೌಂಟರಿನವರು "ಎಲ್ಲಾ ಕಾರ್ಡೂ ನಡೆಯುತ್ತೆ" ಎಂದು ಹೇಳಿ ಕೊಟ್ಟಿದ್ದರು, ಬದಲಿಸಿಕೊಡಲು ಮಾತ್ರ ಒಪ್ಪಲಿಲ್ಲ. ಕೊಳ್ಳುವವರು ಟಾರ್ಚ್ ಹಿಡಿದು ನೋಡಿಯೇ ಕೊಳ್ಳಿ.

ಈಗ ರೀಡರು. ಬೆಂಕಿಪೊಟ್ಟಣದಷ್ಟು ಬೋರ್ಡು, ಎರಡು ತಂತಿಯಲ್ಲಿ ನೇತಾಡುವ ಕಾಯಿಲ್, ಅಂದರೆ ತಂತಿಯ ಸುರುಳಿ. 5 ವೋಲ್ಟ್ ಕೊಟ್ಟು ಕಾರ್ಡು ಹತ್ತಿರ ತಂದರೆ 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗದಲ್ಲಿ) 14 ಬೈಟ್ ಹೊರಬರುತ್ತವೆ: ಶುರುವಿಗೆ 02, ಕೊನೆಗೆ 03, ನಡುವೆ ಹತ್ತು ಅಕ್ಷರದ ನಂಬರು, ಅದನ್ನು ತಾಳೆ ನೋಡಲು ಇನ್ನೆರಡು ಅಕ್ಷರ. ಪ್ರೋಗ್ರಾಂ ಬರೆಯಲು ಒಂದು ಸಂಜೆ ಸಾಕಾಯಿತು.

ನನಗೆ ಇಷ್ಟವಾದದ್ದು ಆ ನಂಬರು ಬರುವ ದಾರಿ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ರೀಡರಿನ ಕಾಯಿಲ್ ಎಬ್ಬಿಸಿದ ಕಾಂತಕ್ಷೇತ್ರದಿಂದಲೇ ಅದರ ಚಿಪ್‌ಗೆ ಜೀವ ಬರುತ್ತದೆ. ಆಮೇಲೆ ಚಿಪ್ ತನ್ನ ಲೋಡನ್ನು, ಅಂದರೆ ತಾನು ಎಳೆಯುವ ವಿದ್ಯುತ್ತಿನ ಹೊರೆಯನ್ನು, ಹಾಕಿ ತೆಗೆದು ಮಾಡುತ್ತದೆ. ಬಾವಿಗಿಳಿಸಿದ ಕೊಡಪಾನಕ್ಕೆ ನೀರು ತುಂಬಿದ್ದು ಮೇಲೆ ಹಗ್ಗ ಹಿಡಿದವರ ಕೈಗೆ ಗೊತ್ತಾಗುವ ಹಾಗೆ, ಆ ಎಳೆತ ರೀಡರಿನ ಕಾಯಿಲ್‌ಗೆ ಗೊತ್ತಾಗುತ್ತದೆ. ವೋಲ್ಟಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಟ್ಟು ನೋಡಿದೆ. ಹತ್ತಾರು ವೋಲ್ಟಿನ ದಪ್ಪ ಪಟ್ಟಿ, ಅದರ ಮೇಲಂಚಿನಲ್ಲಿ ಸಣ್ಣ ಅಲುಗಾಟ. ನಂಬರು ಇರುವುದು ಆ ಅಲುಗಾಟದಲ್ಲಿ.

ಅದನ್ನು ಬೇರ್ಪಡಿಸುವುದನ್ನು ನಾನೇ ಮಾಡಿ ನೋಡಬೇಕು ಅನ್ನಿಸಿತು. ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ ಒಂದು 1ಎನ್4148 ಡಯೋಡ್, ಅದನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್, ಒಂದು 47 ಕಿಲೋಓಮ್ ರೆಸಿಸ್ಟರ್ ಬೆಸೆದೆ. 125 ಕಿಲೋಹರ್ಟ್ಜ್‌ನ ಅಲೆ ಒಮ್ಮೆ ಏರಿಳಿಯಲು 8 ಮೈಕ್ರೋಸೆಕೆಂಡು. ಕಾರ್ಡು ಕಳಿಸುವ ಒಂದೊಂದು ಬಿಟ್ಟಿನ (ಸೊನ್ನೆ ಅಥವಾ ಒಂದು) ಅರ್ಧಕ್ಕೆ 256. ಕೆಪಾಸಿಟರ್ ಮೊದಲನೆಯದಕ್ಕಿಂತ ನಿಧಾನವಾಗಿ, ಎರಡನೆಯದಕ್ಕಿಂತ ಬೇಗ ಖಾಲಿಯಾಗಬೇಕು. ಅವಸರದಲ್ಲಿ 10 ನ್ಯಾನೋಫ್ಯಾರಡ್ ಹಾಕಿದ್ದೆ. ಮೆಟ್ಟಿಲಾಗಬೇಕಿದ್ದ ಅಲೆ ಇಳಿಜಾರಾಯಿತು. 1 ನ್ಯಾನೋಫ್ಯಾರಡ್ ಹಾಕಿದ ಕೂಡಲೇ ಪರದೆಯ ಮೇಲೆ ಚೌಕ ಚೌಕವಾಗಿ ಮೆಟ್ಟಿಲು ಬಿತ್ತು. ಕಾಗದದ ಮೇಲೆ ಗುರುತು ಹಾಕುತ್ತಾ ಬಂದೆ: ಸಾಲಾಗಿ ಒಂಬತ್ತು ಒಂದುಗಳು, ಅಲ್ಲಿಂದ ನಂಬರಿನ ಬಿಟ್‌ಗಳು ನಾಲ್ಕು ನಾಲ್ಕಾಗಿ, ಪ್ರತಿ ನಾಲ್ಕಕ್ಕೂ ತಾಳೆಗೆ ಒಂದು, ಕೊನೆಯಲ್ಲಿ ತಾಳೆಗೇ ಇನ್ನು ನಾಲ್ಕು, ಮುಗಿಯಿತೆನ್ನಲು ಒಂದು ಸೊನ್ನೆ. ಹೀಗೆ ಒಟ್ಟು 64 ಬಿಟ್. ನಾಲ್ಕೂ ಬಿಟ್ '1' ಆದರೆ ತಾಳೆಯ ಬಿಟ್ ಸೊನ್ನೆಯಾಗುವುದರಿಂದ ಒಂಬತ್ತು ಒಂದುಗಳು ನಡುವೆ ಎಲ್ಲೂ ಸೇರಿ ಬರುವುದಿಲ್ಲ, ಶುರು ಎಲ್ಲಿ ಎಂದು ತಪ್ಪುವುದಿಲ್ಲ. ಇಡೀ ನಂಬರಿಗೆ ಸುಮಾರು 33 ಮಿಲಿಸೆಕೆಂಡು. ಭಟ್ಟರ ಕಾರ್ಡಿನ ನಂಬರು ಕೈಯಲ್ಲೇ ಬಿಡಿಸಿ, ರೀಡರ್ ಕೊಟ್ಟದ್ದಕ್ಕೆ ಹೋಲಿಸಿ ಸರಿಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತೊಂದರೆ ಶುರುವಾದದ್ದು ಹೋಟೆಲಿಗೆ ತಂದ ಮೇಲೆ. ಮನೆಯ ಮೇಜಿನ ಮೇಲೆ ನಾಲ್ಕು ಸೆಂಟಿಮೀಟರಿನಿಂದ ಓದುತ್ತಿದ್ದದ್ದು ಗಲ್ಲಾದ ಸ್ಟೀಲ್ ಕೌಂಟರಿಗೆ ಅಂಟಿಸಿದಾಗ ಕಾರ್ಡು ತಾಗಿಸಿದರೂ ಓದಲಿಲ್ಲ. ಸ್ಟೀಲ್ ಹಾಳೆಯಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಕಾಯಿಲ್‌ನ ಕ್ಷೇತ್ರವನ್ನೇ ಎದುರಿಸಿ ಕುಗ್ಗಿಸುತ್ತದೆ, ಶ್ರುತಿಯನ್ನೂ ಕೆಡಿಸುತ್ತದೆ. ಊರಿಂದ ತಂದಿದ್ದ ಹಲಸಿನ ಹಲಗೆಯ ತುಂಡು ಮನೆಯಲ್ಲಿತ್ತು, ಮೂರು ಸೆಂಟಿಮೀಟರ್ ದಪ್ಪ. ಅದರ ಮೇಲೆ ಕಾಯಿಲ್ ಕೂರಿಸಿದ ಮೇಲೆ ಓದತೊಡಗಿತು. ಆದರೂ ಆಗಾಗ ತಪ್ಪುತ್ತಿತ್ತು. ಅದಕ್ಕೆ ಕಾರಣ ರೀಡರಿಗೆ ವಿದ್ಯುತ್ ಕೊಡುತ್ತಿದ್ದ ಅಗ್ಗದ ಮೊಬೈಲ್ ಚಾರ್ಜರಿನ ಸ್ವಿಚಿಂಗ್ ಗಲಾಟೆ, ಅಂದರೆ ವಿದ್ಯುತ್ತನ್ನು ಬೇಗ ಬೇಗ ಹಾಕಿ ತೆಗೆಯುವಾಗ ಏಳುವ ಅಡಚಣೆ. ಹಳೇ ಟ್ರಾನ್ಸ್‌ಫಾರ್ಮರ್, ವೋಲ್ಟನ್ನು 5ಕ್ಕೆ ಸ್ಥಿರವಾಗಿಡುವ 7805 ಚಿಪ್ ಹಾಕಿದೆ. ಆಮೇಲೆ ಒಂದು ದಿನವೂ ತಪ್ಪಿಲ್ಲ. ಮಾಡ್ಯೂಲಿನ ಜೊತೆ ಬಂದ ಚೀಟಿಯಲ್ಲಿ ಈ ಎರಡು ಮಾತು ಇದ್ದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು.

"ಖಾಲಾಪುರ ಟೋಲಿನಲ್ಲಿ ಅಷ್ಟು ದೂರದಿಂದ ಓದ್ತದೆ, ಇದ್ಯಾಕೆ ಮೂಗಿಗೆ ಹಿಡೀಬೇಕು?" ಎಂದು ಮಾವ ಕೇಳಿದರು. ಒಳ್ಳೆಯ ಪ್ರಶ್ನೆ. "ಮಾವ, ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಜ್‌ನದು, ಅದು ಅಲೆಯನ್ನು ತಿರುಗಿ ಪ್ರತಿಫಲಿಸಿ ಉತ್ತರ ಕೊಡುತ್ತದೆ. ಇದು ಕಾಯಿಲ್‌ಗೆ ಕಾಯಿಲ್ ಹತ್ತಿರವಿದ್ದರೆ ಮಾತ್ರ" ಎಂದೆ. ಹಾಜರಿಗೆ ಹತ್ತಿರದ್ದೇ ಒಳ್ಳೆಯದು, ದಾರಿಯಲ್ಲಿ ಸುಮ್ಮನೆ ನಡೆದುಹೋದವರ ಹಾಜರಿ ಬೀಳಬಾರದಲ್ಲ.

ಒಂದು ಎಚ್ಚರಿಕೆ. ಈ ಕಾರ್ಡಿನಲ್ಲಿ ಗುಟ್ಟು ಏನೂ ಇಲ್ಲ; ಕೇಳಿದವರಿಗೆಲ್ಲ ನಂಬರು ಹೇಳುತ್ತದೆ, ನಕಲು ಮಾಡುವುದೂ ಸುಲಭ. ಹಾಜರಿಗೆ ಸರಿ. ತಿಜೋರಿ ಬಾಗಿಲಿಗೆ, ಹಣದ ಲೆಕ್ಕಕ್ಕೆ ಖಂಡಿತ ಬೇಡ.

ಇದೇ ರೀಡರನ್ನು ಇನ್ನೊಂದು ಕೊಂಡಿದ್ದೇನೆ, ಅಡುಗೆಮನೆಯ ಹಿಂಬಾಗಿಲಿಗೆ. ಎರಡೂ ಒಂದೇ ಆವರ್ತನದವು, ಹತ್ತಿರವಿಟ್ಟರೆ ಒಂದಕ್ಕೊಂದು ಅಡ್ಡ ಬರುತ್ತವೆ. ನಡುವೆ ಇಡೀ ಊಟದ ಹಾಲ್ ಇರುವ ಹಾಗೆ ಜಾಗ ಆರಿಸಿದ್ದೇನೆ. ಉಳಿದ ಹಲಸಿನ ಹಲಗೆಯನ್ನು ಅಳತೆಗೆ ಕೊಯ್ದಿಟ್ಟಾಗಿದೆ.