ಕಾಂಟ್ಯಾಕ್ಟೋ, ಇಂಡಕ್ಷನ್ನೋ? ಮಾಲೂರಿನ ಎರಡು ಪೈಪ್ ಮಿಲ್‌ಗಳಲ್ಲಿ ಕಂಡದ್ದು

ಮಾಲೂರಿನ ಎರಡು ಪೈಪ್ ಮಿಲ್‌ಗಳಲ್ಲಿ ಆಪರೇಟರ್ ಆಗಿ ಕೆಲಸ ಮಾಡಿದ್ದೇನೆ. ಮೊದಲಿನದರಲ್ಲಿ ಕಾಂಟ್ಯಾಕ್ಟ್ ವೆಲ್ಡಿಂಗ್, ಈಗಿರುವ ಕಡೆ ಇಂಡಕ್ಷನ್. ಎರಡರಲ್ಲೂ ವೆಲ್ಡಿಂಗ್ ರಾಡು ಗೀಡು ಏನೂ ಇಲ್ಲ. ರೋಲ್‌ಗಳು ಸ್ಟ್ರಿಪ್ಪನ್ನು, ಅಂದರೆ ಉದ್ದನೆಯ ಉಕ್ಕಿನ ಪಟ್ಟಿಯನ್ನು, ಮಡಿಸಿ ಕೊಳವೆ ಮಾಡುತ್ತವೆ. ಅಂಚುಗಳು ‘ವಿ’ ಆಕಾರದಲ್ಲಿ ಹತ್ತಿರ ಬರುವ ಜಾಗದಲ್ಲಿ ಹೈ ಫ್ರೀಕ್ವೆನ್ಸಿ ಕರೆಂಟು, ಸಾಮಾನ್ಯವಾಗಿ 200ರಿಂದ 400 ಕಿಲೋಹರ್ಟ್ಸ್, ಅಂಚನ್ನಷ್ಟೇ ಕೆಂಪಗೆ ಕಾಯಿಸುತ್ತದೆ. ಸ್ಕ್ವೀಜ್ ರೋಲ್ ಒತ್ತಿ ಬೆಸೆಯುತ್ತದೆ.

ಕಾಂಟ್ಯಾಕ್ಟ್‌ನಲ್ಲಿ ತಾಮ್ರದ ಎರಡು ತುಂಡು ಅಂಚಿನ ಪಕ್ಕ ಉಜ್ಜುತ್ತಾ ಕರೆಂಟು ಕೊಡುತ್ತವೆ. ಪೋಲು ಕಡಿಮೆ, ನಿಜ. ಆದರೆ ಸ್ಟ್ರಿಪ್ಪಿನಲ್ಲಿ ಚೂರು ತುಕ್ಕಿದ್ದರೂ ಚಿಟಪಟ ಕಿಡಿ, ಪೈಪಿನ ಮೇಲೆ ಕಪ್ಪು ಚುಕ್ಕೆ. ತುಂಡು ಸವೆದರೆ ಮಿಲ್ ನಿಲ್ಲಿಸಬೇಕು. “ಏನಪ್ಪಾ, ಮತ್ತೆ ನಿಲ್ಸಿದ್ಯಾ?” ಅಂತ ಬೈಸಿಕೊಂಡದ್ದು ಅದೆಷ್ಟು ಸಲವೋ.

ಇಂಡಕ್ಷನ್‌ನಲ್ಲಿ ಪೈಪಿನ ಸುತ್ತ ಇರುವ ಕಾಯಿಲ್ ಪೈಪನ್ನು ಮುಟ್ಟದೆಯೇ ಅದರಲ್ಲಿ ಕರೆಂಟು ಹುಟ್ಟಿಸುತ್ತದೆ. ಒಂದು, ಎರಡು ಇಂಚಿನ ಫರ್ನಿಚರ್ ಪೈಪು ಕಲೆಯಿಲ್ಲದೆ ಹೊರಬರುವುದು ನೋಡಿ ಖುಷಿಯಾಗಿತ್ತು.

ಕಾಟ ಕೊಟ್ಟಿದ್ದು ಇಂಪೀಡರ್, ಅಂದರೆ ಬೆಸೆಯುವ ಜಾಗದಲ್ಲಿ ಪೈಪಿನ ಒಳಗೆ ಇರುವ ಕೊಳವೆ. ಅದರೊಳಗಿನ ಫೆರೈಟ್ (ಅಯಸ್ಕಾಂತದ ಗುಣವಿರುವ, ಪಿಂಗಾಣಿಯಂಥ ಕಡ್ಡಿ) ಇಲ್ಲದಿದ್ದರೆ ಕರೆಂಟು ಪೈಪಿನ ಒಳಮೈ ಸುತ್ತಿ ಸುಮ್ನೆ ಹಾಳಾಗುತ್ತದೆ. ಫೆರೈಟ್ ಜಾಸ್ತಿ ಕಾದರೆ ಅಯಸ್ಕಾಂತದ ಗುಣ ಹೋಯಿತು, ಹಾಗಾಗಿ ನೀರು ಹರಿಯುತ್ತಲೇ ಇರಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗೊತ್ತಲ್ವಾ? ಬಿಂದಿಗೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು. ಕಾಯಿಲ್ ತಣ್ಣಗಿಡುವ ನೀರಿಗೆ ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಹಾಕಿಸಿದ್ದರು, ಇಂಪೀಡರ್‌ಗೆ ಮಾತ್ರ ನೇರ ಬೋರಿನ ಲೈನು.

ಒಂದು ನೈಟ್ ಶಿಫ್ಟಿನಲ್ಲಿ ಫ್ಲಾಟನಿಂಗ್ ಟೆಸ್ಟಿಗೆ (ಪೈಪನ್ನು ಚಪ್ಪಟೆ ಮಾಡಿ ಜಾಯಿಂಟು ತಡೆಯುತ್ತಾ ನೋಡುವ ಪರೀಕ್ಷೆ) ಪೈಪಿನ ತುಂಡು ಇಟ್ಟು ಒತ್ತಿದೆ. ಜಾಯಿಂಟು ಕಡಲೆಕಾಯಿ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಪವರ್ ಏರಿಸಿದೆ, ಮತ್ತೆ ಅದೇ ಕಥೆ. ಇಂಪೀಡರ್ ಎಳೆದು ನೋಡಿದರೆ ನೀರಿನ ದಾರಿ ಸುಣ್ಣದಿಂದ ಮುಚ್ಚಿಹೋಗಿತ್ತು. ಫೆರೈಟ್ ಮೂರು ತುಂಡು. ಕಾಂಟ್ಯಾಕ್ಟ್ ಮಿಲ್‌ನಲ್ಲೂ ಇಂಪೀಡರ್ ಇತ್ತು, ಇಷ್ಟು ಸತಾಯಿಸಿರಲಿಲ್ಲ. ಆಮೇಲೆ ಆ ಲೈನನ್ನೂ ಸಾಫ್ಟ್‌ನರ್‌ಗೆ ಸೇರಿಸಿದರು.

ಹಾಗಂತ ಕಾಂಟ್ಯಾಕ್ಟಿಗೆ ವಾಪಸ್ ಹೋಗುತ್ತೀಯಾ ಅಂದರೆ, ಸಣ್ಣ ಸೈಜಿಗೆ ಖಂಡಿತಾ ಇಲ್ಲ. ಆರು ಇಂಚು, ಎಂಟು ಇಂಚಿನ ದಪ್ಪ ಪೈಪಾದರೆ ಮಾತು ಬೇರೆ. ಪೈಪು ದೊಡ್ಡದಾದಷ್ಟೂ ಕಾಯಿಲ್‌ನ ಕರೆಂಟು ಮೈಸುತ್ತಲೇ ಖರ್ಚಾಗುತ್ತದೆ. ಅಲ್ಲಿ ಕಿಡಿ, ಕಪ್ಪು ಚುಕ್ಕೆ ಸಹಿಸಿಕೊಂಡಾದರೂ ಕಾಂಟ್ಯಾಕ್ಟನ್ನೇ ಕೇಳುತ್ತೇನೆ. ಈಗಂತೂ ಶಿಫ್ಟಿಗೆ ಬಂದ ತಕ್ಷಣ ಪವರ್ ಮೀಟರ್ ನೋಡುವ ಮುಂಚೆ ಇಂಪೀಡರ್ ತುದಿಯಲ್ಲಿ ನೀರು ಧಾರೆಯಾಗಿ ಬೀಳುತ್ತಿದೆಯೋ, ತೊಟ್ಟಿಕ್ಕುತ್ತಿದೆಯೋ ನೋಡುತ್ತೇನೆ.